ಕೆಳಗಿನ ತಿರುವಿನ ಪೆರಿಯವರು

ವಾಲ್ಪಾರೈ ಘಟ್ಟದ ರಸ್ತೆಯ ತಿರುವೊಂದರಲ್ಲಿ ಅಮುದವಲ್ಲಿಯ ಚಹಾದಂಗಡಿ; ಅದರ ಹಿಂದೆಯೇ ಮನೆ. ಪ್ರವಾಸಿಗಳು ಕಣಿವೆ ನೋಡಿ ಮೈಮರೆತಿದ್ದರು. ಆ ಭಾನುವಾರ ಅವಳ ಕಣ್ಣು ಮಾತ್ರ ರಸ್ತೆಯ ಮೇಲೆ. ಅವಳು ಸ್ಟೀಫನ್‌ನ ಕೈಹಿಡಿದಂದಿನಿಂದ ಮಾತು ಬಿಟ್ಟಿದ್ದ ಅಪ್ಪ, ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆಂದು ಹೇಳಿಕಳಿಸಿದ್ದರು. ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ಬೆಂಚನ್ನು ನೆರಳಿಗೆಳೆದಳು, ಮತ್ತೆ ಬಿಸಿಲಿಗೆಳೆದಳು.

“ಆ ಬೆಂಚಿಗೂ ಸುಸ್ತಾಗಿದೆ, ಬಿಡೇ,” ಎಂದ ಸ್ಟೀಫನ್.

ಬಸ್ಸು ಬಂತು, ನಿಲ್ಲಲಿಲ್ಲ. ಕಂಡಕ್ಟರ್ ಕದಿರವನ್ ಬಾಗಿಲಲ್ಲಿ ಜೋತು ಕೂಗಿದ: “ಅಕ್ಕಾ, ಕೆಳಗಿನ ತಿರುವಲ್ಲಿ ಪೆರಿಯವರು ನಿಂತಿದ್ದಾರೆ!”

ಅಮುದವಲ್ಲಿ ಓಡಿಹೋಗಿ, ಕೆಳಗೆ ಹೊರಟಿದ್ದ ಬೈಕಿನವರಿಗೆ ಕೈ ಅಡ್ಡ ಹಿಡಿದಳು.

“ಪೆರಿಯವರು ಅಂದ್ರೆ ಯಾರಕ್ಕಾ, ಮಿನಿಸ್ಟರಾ?” ಹಿಂದೆ ಕೂತಿದ್ದ ಹುಡುಗಿ ನಕ್ಕಳು.

“ಹಿರಿಯರು ಅಂತ ಅರ್ಥ, ಆದ್ರೆ ಇವರು ಸೊಂಡಿಲಿರೋರು ಕಣಮ್ಮ. ಇಲ್ಲಿ ಯಾರೂ ಅವರ ಹೆಸರು ಹಿಡಿದು ಕರೆಯಲ್ಲ. ಒಳಗೆ ಬಾ.”

ಎಲ್ಲರನ್ನೂ ಒಳಗೆ ಸೇರಿಸಿ ಕದ ಹಾಕಿದ ಮೇಲೆಯೇ ಅವಳಿಗೆ ಹೊಳೆದದ್ದು: ಬಸ್ಸಿನಿಂದ ಅಪ್ಪ ಇಳಿಯಲಿಲ್ಲ. ಕೂತಳು, ಎದ್ದಳು, ಕದದ ಸಂದಿಗೆ ಕಣ್ಣಿಟ್ಟಳು. ಎಷ್ಟು ಹೊತ್ತಾದರೂ ಒಂದು ಕೊಂಬೆ ಮುರಿದ ಸದ್ದಿಲ್ಲ.

ಕೆಳಗಿನಿಂದ ಜೀಪೊಂದು ನಿರಾಳವಾಗಿ ಹತ್ತಿ ಬಂತು.

“ಯಾವ ಪೆರಿಯವರು?” ಎಂದ ಡ್ರೈವರ್. “ಯಾರೋ ತಾತ ಕಟ್ಟೆ ಮೇಲೆ ಕೂತಿದ್ದಾರೆ, ಕಂಕುಳಲ್ಲಿ ಕೋಳಿ. ಹತ್ತಿ ಅಂದ್ರೆ ‘ಹೇಳಿಕಳಿಸಿದ್ದೀನಿ, ಮಗಳು ಬಂದು ಕರೀಬೇಕು’ ಅಂತಾರೆ.”

ಮುನಿದು ಹೋದ ಹಿರಿಯರು ತಾವಾಗಿ ಹೊಸ್ತಿಲು ತುಳಿಯುವುದಿಲ್ಲ. ದಾರಿಗೆ ಹೋಗಿ ಕರೆತರಬೇಕು. ಅಮುದವಲ್ಲಿಗೆ ಗೊತ್ತಿದ್ದದ್ದೇ. ಚಪ್ಪಲಿಯಿಲ್ಲದೆ ಇಳಿಜಾರಿನಲ್ಲಿ ಓಡಿದಳು. ಬೆನ್ನ ಹಿಂದೆ ಹಾರ್ನ್ ಕೇಳಿತು. ಪೊಳ್ಳಾಚಿಗೆ ಇಳಿಯುವ ಬಸ್ಸು ಅವಳನ್ನು ದಾಟಿ ಮುಂದೆ ಹೋಯಿತು.

ಅವಳು ತಿರುವು ಮುಟ್ಟುವಾಗ ಅಪ್ಪನ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು.

“ಬೇಗ ಹತ್ತಿ ತಾತಾ, ತಿರುವಲ್ಲಿ ನಿಲ್ಲೋ ಹಾಗಿಲ್ಲ,” ಒಳಗಿನಿಂದ ಯಾರೋ ಅವಸರಿಸಿದರು.

“ಅಪ್ಪಾ, ಮನೆಗೆ ಬನ್ನಿ.” ಅವಳಿಗೆ ಉಸಿರು ಸಾಲದು.

“ಈಗ ನೆನಪಾಯ್ತಾ?”

“ಕಂಡಕ್ಟರ್ ಪೆರಿಯವರು ಅಂದ. ನಾನು ಆ ಪೆರಿಯವರು ಅಂದ್ಕೊಂಡು ಕದ ಹಾಕ್ಕೊಂಡೆ.”

ಅಪ್ಪ ನಗಲಿಲ್ಲ. ಕೋಳಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದರು.

“ನಿಮ್ಮಮ್ಮನೂ ನನ್ನ ಕಂಡ್ರೆ ಹಾಗೇ ಕದ ಹಾಕ್ಕೊಳ್ತಿದ್ದಳು,” ಎಂದು ಮೆಟ್ಟಿಲಿಂದ ಕಾಲು ತೆಗೆದರು.