ಚುಕ್ಕಿಯ ಬಿಳಿಚಿದ ಕಾಲು

ನಾನು ಚಿಕ್ಕವನಿದ್ದಾಗ ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ಎರಡು ಕೋಳಿಗಳಿದ್ದವು. ಕೆಂಪಿಯ ಪುಕ್ಕ ಮಿರಮಿರ ಮಿಂಚುತ್ತಿತ್ತು, ಕಾಲು ಅರಿಶಿನದಂತೆ ಹಳದಿ. ಚುಕ್ಕಿ ಮಾತ್ರ ಸೊರಗಿಹೋಗಿತ್ತು. ಪುಕ್ಕ ಸವೆದು, ಕಾಲು ಕೊಕ್ಕು ಎರಡೂ ಬಿಳಿಚಿಕೊಂಡಿದ್ದವು. ಎರಡಕ್ಕೂ ಇದ್ದದ್ದು ಒಂದೇ ಬುಟ್ಟಿ. ಅದರಲ್ಲಿ ಸಿಗುವ ಮೊಟ್ಟೆಗಳೆಲ್ಲ ಕೆಂಪಿಯವೇ ಎಂದು ನಾವು ನಂಬಿದ್ದೆವು.

ಯುಗಾದಿ ಬಂತು. ಬೀದಿ ತುಂಬ ಹೋಳಿಗೆಯ ಘಮ. ಮಾರನೇ ದಿನ ಹೊಸತೊಡಕು. ನಮ್ಮ ಮನೆಯಲ್ಲಿ ಅವತ್ತು ಬಾಡೂಟ ಆಗಲೇಬೇಕು. ಮೊಟ್ಟೆ ಇಡದ ಕೋಳಿಯನ್ನು ಸಾಕಿ ಏನು ಪ್ರಯೋಜನ, ನಾಳೆ ಚುಕ್ಕಿಯ ಸಾರು ಎಂದುಬಿಟ್ಟರು ಅಪ್ಪ. ಚುಕ್ಕಿ ನನ್ನ ಅಂಗೈಯಿಂದಲೇ ರಾಗಿ ಹೆಕ್ಕಿ ತಿನ್ನುತ್ತಿದ್ದ ಕೋಳಿ. ನನ್ನ ಪಾಲಿನ ಹೋಳಿಗೆಯನ್ನು ಹಿತ್ತಲಿಗೆ ಒಯ್ದು ಅದಕ್ಕೇ ಹಾಕಿದೆ.

ಅಕ್ಕ ಅಳುತ್ತ ಕೂರುವವಳಲ್ಲ. ಚುಕ್ಕಿಯ ಕಾಲು ಬಿಳಿಚತೊಡಗಿದಾಗಲೇ ಅವಳು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರನ್ನು ಕೇಳಿ ಅದರ ಕಾರಣ ತಿಳಿದುಕೊಂಡಿದ್ದಳು. ಹೊಸತೊಡಕಿನ ಬೆಳಗ್ಗೆ ಬೇಗ ಎದ್ದು ಚುಕ್ಕಿಯನ್ನು ಬೇರೆ ಮಂಕರಿಯ ಕೆಳಗೆ ಮುಚ್ಚಿಟ್ಟಳು. ಅಪ್ಪ ಇತ್ತ ಕತ್ತಿ ಮಸೆಯುತ್ತಿದ್ದರು. ಅಷ್ಟರಲ್ಲಿ ಮಂಕರಿಯೊಳಗಿಂದ ಕೊಕ್ಕೊಕ್ಕೋ ಎಂದು ಕೂಗು ಬಂತು. ಎತ್ತಿ ನೋಡಿದರೆ ಮೊಟ್ಟೆ. ಆದರೆ ಅದಕ್ಕೆ ಚಿಪ್ಪೇ ಇರಲಿಲ್ಲ. ತೆಳು ಪೊರೆಯೊಳಗೆ ಬೆಚ್ಚಗೆ, ಮೆತ್ತಗೆ ಅಲುಗಾಡುತ್ತಿತ್ತು.

ಇದಕ್ಕೇನೋ ಕಾಯಿಲೆ ಎಂದರು ಅಪ್ಪ.

“ಕಾಯಿಲೆ ಅಲ್ಲಪ್ಪ, ಸುಸ್ತು. ಇಷ್ಟು ದಿನ ನಾವು ತಿಂದಿದ್ದು ಇದ್ರ ಮೊಟ್ಟೇನೇ. ಕಾಲಲ್ಲಿದ್ದ ಹಳದಿ ಮೊಟ್ಟೆಯೊಳಗೆ ಹೋಯ್ತು, ಮೂಳೇಲಿದ್ದ ಸುಣ್ಣ ಚಿಪ್ಪಿಗೆ ಹೋಯ್ತು. ಈಗ ಇದ್ರ ಮೈಯೇ ಖಾಲಿ,” ಎಂದಳು ಅಕ್ಕ.

ಅಪ್ಪ ಆ ಮೊಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ಒತ್ತಿ ನೋಡಿದರು. ಆಮೇಲೆ ಕತ್ತಿ ಒಳಗಿಟ್ಟು, ಚೀಲ ಹಿಡಿದು ಮಟನ್ ಅಂಗಡಿಯ ಕ್ಯೂಗೆ ಹೊರಟರು. ತಿಂದುಂಡು ತಿರುಗುತ್ತಿದ್ದ ಕೆಂಪಿಯನ್ನಾದರೂ ಕೊಯ್ಯಬಹುದಿತ್ತು, ಅವರಿಗೆ ಮನಸ್ಸಾಗಲಿಲ್ಲ. ನನಗಾದ ಖುಷಿ ಅಷ್ಟಿಷ್ಟಲ್ಲ.

ಅಂದಿನಿಂದ ಚುಕ್ಕಿಗೆ ರಾಗಿ, ಸೊಪ್ಪು, ಹುರಿದು ಪುಡಿ ಮಾಡಿದ ಮೊಟ್ಟೆಚಿಪ್ಪು. ಅದರ ಪುಕ್ಕ ಉದುರಿತು, ಮೊಟ್ಟೆಯೂ ನಿಂತಿತು. ಆದರೂ ಅಪ್ಪ ಮತ್ತೆ ಕತ್ತಿ ಹೊರತೆಗೆಯಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಪುಕ್ಕ ಬಂತು, ಕಾಲಿಗೆ ಹಳದಿ ಮರಳಿತು. ಮೊದಲಿನಷ್ಟಲ್ಲದಿದ್ದರೂ ಚುಕ್ಕಿ ಮತ್ತೆ ಗಟ್ಟಿ ಮೊಟ್ಟೆ ಇಟ್ಟಿತು.

ಮಕ್ಕಳೇ, ಈಗ ಫೋನಿನ ಮೇಲೆ ಬೆರಳಾಡಿಸಿದರೆ ಮೊಟ್ಟೆಯ ಟ್ರೇ ಬಾಗಿಲಿಗೇ ಬರುತ್ತದೆ. ಒಳ್ಳೆಯದೇ, ನಾನೂ ಆಮ್ಲೆಟ್ ಬಿಡುವವನಲ್ಲ. ಆದರೆ ಆ ಮೊಟ್ಟೆ ಇಟ್ಟ ಕೋಳಿಯ ಕಾಲು ಯಾವ ಬಣ್ಣದ್ದೆಂದು ನಮಗೆ ಕಾಣುವುದಿಲ್ಲ. ಈ ಕತೆ ಕೇಳಿದ ಮೊಮ್ಮಗಳು ಮೊನ್ನೆ ಮೊಟ್ಟೆ ಒಡೆಯುವ ಮುಂಚೆ ಕೈ ತಡೆದು ಕೇಳಿದಳು: “ತಾತ, ಈ ಕೋಳಿಗೂ ಯಾರಾದ್ರೂ ರಜಾ ಕೊಡ್ತಾರಾ?”