ಗೈರುಹಾಜರಿಗೆ ಬಿದ್ದ ಸೊನ್ನೆ

ನಾನು ವಿಜಯನಗರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ಅದದೇ ಪಾಠ ಹೇಳಿ ಹೇಳಿ ನಾಲಿಗೆ ಸವೆದಿದೆ, ಜಂಬ ಮಾತ್ರ ಸವೆದಿಲ್ಲ. ಅದಕ್ಕೇ ನಾಯಂಡಹಳ್ಳಿಯ ಒಂದು ಚಿಕ್ಕ ಹೈಸ್ಕೂಲಿನ ಹೆಡ್‌ಮಿಸ್ ಬಂದು, "ನಮ್ ಹತ್ತನೇ ಕ್ಲಾಸಲ್ಲಿ ಯಾರು ಫೇಲಾಗ್ತಾರೆ ಅಂತ ಮೊದ್ಲೇ ಹೇಳೋಕಾಗತ್ತಾ ಸಾರ್?" ಎಂದು ಕೇಳಿದಾಗ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಹಳೆಯ ಬ್ಯಾಚುಗಳ ಟೆಸ್ಟ್ ಅಂಕ, ಅವರ ಕೊನೆಯ ಫಲಿತಾಂಶ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದೆ. ಯಾವ ಥರದ ಅಂಕ ಇದ್ದವರು ಕೊನೆಗೆ ಏನಾದರು ಎಂದು ನೋಡಿ ಒಂದು ಸೂತ್ರ ಹೊರಡಿಸಿ, ಅದನ್ನು ಈ ವರ್ಷದ ಮಕ್ಕಳಿಗೆ ಹಚ್ಚಿದೆ. ನಮ್ಮವರು ಇದಕ್ಕೆ ಮಾಡೆಲ್ ಅನ್ನುತ್ತಾರೆ. ಪಟ್ಟಿಯಲ್ಲಿ ಒಂದೇ ಒಂದು ಹೆಸರು ಕೆಂಪಾಗಿ ಬಂತು, ಒಬ್ಬ ಹುಡುಗಿಯದು. ಪಾಪ, ಅವಳಿಗೆ ಸಂಜೆ ಹೊತ್ತು ಪಾಠ ಹೇಳಿಕೊಡುತ್ತಾರೆ ಎಂದುಕೊಂಡು ಪಟ್ಟಿ ಕಳಿಸಿದೆ. ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದ್ದೂ ಆಯಿತು.

ಮೂರನೇ ದಿನ ಬೆಳಿಗ್ಗೆ ಹೆಡ್‌ಮಿಸ್ ಫೋನ್ ಮಾಡಿದರು. "ತುಂಬಾ ಉಪಕಾರ ಆಯ್ತು ಸಾರ್. ಆ ಹುಡುಗಿ ತಾಯಿನ ಇವತ್ತೇ ಕರ್ಸಿದೀನಿ. ಟಿ.ಸಿ. ತಗೊಂಡು ಪ್ರೈವೇಟಾಗಿ ಎಕ್ಸಾಮ್ ಕಟ್ಲಿ. ನಮ್ ಸ್ಕೂಲ್ ರಿಸಲ್ಟಾದ್ರೂ ಉಳಿಯತ್ತೆ."

ಎಲ್ಲೋ ಚುರುಕ್ಕೆಂದಿತು. ಆದರೂ "ನಿಮ್ ತೀರ್ಮಾನ ಮಿಸ್" ಎಂದು ಫೋನಿಟ್ಟು ಕ್ಲಾಸಿಗೆ ಹೋದೆ.

ಅಲ್ಲಿ ಮುಂದಿನ ಬೆಂಚಿನ ಒಬ್ಬಳು ಎದ್ದು ನಿಂತು, "ಸಾರ್, ಡೇಟಾದಲ್ಲಿ ಬ್ಲ್ಯಾಂಕ್ ಇದ್ರೆ ಸೊನ್ನೆ ಹಾಕ್ಬೋದಾ?" ಎಂದಳು. ನನಗೆ ಎಲ್ಲಿತ್ತೋ ಸಿಟ್ಟು. "ಎಷ್ಟ್ ಸಲ ಬಡ್ಕೊಳ್ಲಮ್ಮಾ? ಸೊನ್ನೆ ಅಂದ್ರೆ ಬರ್ದು ಸೊನ್ನೆ ತಗೊಂಡಿದ್ದು. ಖಾಲಿ ಅಂದ್ರೆ ನಮಗೆ ಗೊತ್ತಿಲ್ಲ ಅಂತ. ಎರಡೂ ಒಂದೇನಾ?"

ಹೇಳುತ್ತಿದ್ದ ಹಾಗೇ ಕೈಯಲ್ಲಿದ್ದ ಸೀಮೆಸುಣ್ಣ ನಿಂತುಬಿಟ್ಟಿತು. ಆ ಹೈಸ್ಕೂಲಿನ ಅಂಕಪಟ್ಟಿಯಲ್ಲಿ ಟೆಸ್ಟಿಗೆ ಬಾರದವರ ಮುಂದೆ 'ಗೈ' ಎಂದು ಬರೆದಿದ್ದರು. ಗೈರುಹಾಜರಿಯ ಗೈ. ಅಂಕಿಗಳ ನಡುವೆ ಅಕ್ಷರ ಕಂಡರೆ ನನ್ನ ಸಾಫ್ಟ್‌ವೇರ್ ಮುಷ್ಕರ ಹೂಡುತ್ತದೆ. ಅವತ್ತು ಊಟದ ಹೊತ್ತಾಗಿತ್ತು. ಆಮೇಲೆ ಸರಿಮಾಡಿದರಾಯಿತು ಎಂದು ಒಂದೇ ಏಟಿಗೆ ಎಲ್ಲ 'ಗೈ'ಗಳನ್ನೂ ಸೊನ್ನೆ ಮಾಡಿದ್ದೆ. ಆ 'ಆಮೇಲೆ' ಬಂದಿರಲೇ ಇಲ್ಲ.

ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ತೆರೆದೆ. ಆ ಹುಡುಗಿಯ ಸಾಲಿನಲ್ಲಿ ಎರಡನೇ ಟೆಸ್ಟಿನ ಆರೂ ವಿಷಯಗಳಿಗೆ ಸೊನ್ನೆ. ಮಕ್ಕಳಿಗೆ ಏನು ಹೇಳಿ ಹೊರಬಿದ್ದೆನೋ ನೆನಪಿಲ್ಲ.

ಹೆಡ್‌ಮಿಸ್ ಫೋನ್ ಎತ್ತಲಿಲ್ಲ. ಮೆಟ್ರೋ ಹತ್ತಿದೆ. ಅತ್ತಿಗುಪ್ಪೆ, ದೀಪಾಂಜಲಿನಗರ, ಮೈಸೂರು ರಸ್ತೆ; ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲು ಬೇಕೆಂದೇ ತಡಮಾಡುತ್ತಿದೆ ಅನ್ನಿಸಿತು. ಹುಡುಗಿಯ ಗತಿ ಏನೆಂದು ಭಯ. ಸುಳ್ಳೇಕೆ, ಇಷ್ಟು ವರ್ಷದ ನನ್ನ ಮರ್ಯಾದೆ ಏನಾಗುತ್ತದೋ ಎಂಬ ಭಯ ಅದಕ್ಕಿಂತ ಮುಂದಿತ್ತು. ಇಳಿದು ಎದುರಿನ ರೈಲು ಹತ್ತಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಒಂದು ಸಲ ಯೋಚಿಸಿದೆ.

"ಆಗ್ಲೇ ಟಿ.ಸಿ. ತಗೊಂಡ್ ಹೋದ್ರಲ್ಲ ಸಾರ್," ಎಂದರು ಹೆಡ್‌ಮಿಸ್. ನಾನು ತೊದಲುತ್ತಾ ನಡೆದದ್ದು ಹೇಳಿದೆ. "ಲಿಸ್ಟ್ ಕಳ್ಸಿದ್ದು ನೀವ್ ತಾನೇ? ನೀವೇ ಹೋಗಿ ಹೇಳಿ. ವಾಪಸ್ ಬಂದ್ರೆ ಸೇರಿಸ್ಕೋತೀನಿ" ಎಂದು ಬಾಪೂಜಿ ನಗರದ ವಿಳಾಸವೊಂದನ್ನು ಚೀಟಿಯಲ್ಲಿ ಬರೆದುಕೊಟ್ಟರು.

ಬಾಗಿಲು ತೆರೆದವರು ತಾಯಿ. ಹೊಸ್ತಿಲ ಪಕ್ಕದಲ್ಲೇ ಹತ್ತನೇ ಕ್ಲಾಸಿನ ಪುಸ್ತಕಗಳನ್ನು ಯಾರಿಗೋ ಕೊಡಲೆಂಬಂತೆ ಹುರಿಯಲ್ಲಿ ಬಿಗಿದು ಕಟ್ಟಿಟ್ಟಿದ್ದರು. ನಾನು ಯಾರೆಂದು ಹೇಳಿ, ಹುಡುಗಿ ಎರಡನೇ ಟೆಸ್ಟಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ.

"ಅವಳಿಗೆ ಅಮ್ಮ ಆಗಿತ್ತು ಸಾರ್. ಮೈ ತುಂಬ ಗುಳ್ಳೆ. ಬೇವಿನಸೊಪ್ಪಿನ ಮೂರನೇ ನೀರು ಹಾಕೋವರ್ಗೂ ಹೊಸ್ಲು ದಾಟಿಸ್ಲಿಲ್ಲ. ಟೆಸ್ಟ್ ಹೋಯ್ತು. ಆ ಮಿಸ್ಸಿಗೂ ಹೇಳ್ದೆ. ಕಂಪ್ಯೂಟ್ರೇ ಫೇಲ್ ಅಂದಿದೆ ಅಂದ್ರು. ನಾನೇನ್ ಮಾತಾಡ್ಲಿ, ಸೈನ್ ಹಾಕ್ದೆ. ಇನ್ ಓದಿ ಏನು ಅಂತ ಪುಸ್ತಕಾನೂ ಕಟ್ಟಿಟ್ಟೆ."

"ಕಂಪ್ಯೂಟರ್ ಅಲ್ಲಮ್ಮಾ ಹೇಳಿದ್ದು, ನಾನು. ತಪ್ಪ್ ಹೇಳ್ದೆ."

ಹುಡುಗಿ ಒಳಗಿಂದ ಬಂದಳು. ಕೆನ್ನೆಯ ಮೇಲೆ ಕಲೆಗಳು ಇನ್ನೂ ಮಾಸಿರಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದಳು ಅನ್ನಿಸುತ್ತದೆ.

"ಈಗ ಸರಿಯಾಗಿ ಲೆಕ್ಕ ಮಾಡಿದ್ರೆ ನಾನು ಪಾಸಾಗ್ತೀನಾ ಸಾರ್?"

ಲ್ಯಾಪ್‌ಟಾಪ್ ಬ್ಯಾಗಿನಲ್ಲಿತ್ತು. ಎರಡು ನಿಮಿಷದ ಕೆಲಸ. ಕೈ ಜಿಪ್ಪಿನ ಮೇಲೆ ಹೋಗಿ ಅಲ್ಲೇ ನಿಂತಿತು. ಮತ್ತೆ ಕೆಂಪು ಬಂದರೆ? ಒಂದು ಅಂಕಿಗೆ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ.

"ಗೊತ್ತಿಲ್ಲಮ್ಮಾ," ಎಂದೆ.

"ಗೊತ್ತಿಲ್ಲ ಅಂದ್ರೆ ಫೇಲ್ ಅಂತ ಅಲ್ವಲ್ಲಾ?"

"ಅಲ್ಲ."

ಅವಳು ನೆಲದ ಮೇಲೆ ಕೂತು ಪುಸ್ತಕದ ಕಟ್ಟಿನ ಗಂಟು ಬಿಚ್ಚತೊಡಗಿದಳು. ಗಂಟು ಗಟ್ಟಿಯಾಗಿತ್ತು, ಕೊನೆಗೆ ಹಲ್ಲು ಹಾಕಿ ಎಳೆದಳು. ಅವಳ ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗೂ ಆ ಫೈಲು ತೆರೆಯುವ ಧೈರ್ಯ ನನಗೆ ಬರಲಿಲ್ಲ.