ಅಳಿಸಿದ ಪೆಟ್ಟಿಗೆಯ ಇಪ್ಪತ್ತೆಂಟನೆಯ ದಿನ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಟಪಾಲಕ್ಕ ಎನ್ನುತ್ತಿದ್ದರು. ಕಾಗದದ ಟಪಾಲನ್ನು ಅವಳು ಮುಟ್ಟಿದವಳೇ ಅಲ್ಲ. ಲಿಫ್ಟುಗಳನ್ನು ಕೂರಿಸಿ ನೋಡಿಕೊಳ್ಳುವ ಆ ಕಂಪನಿಯ ನಾನೂರು ಜನರ ಇಮೇಲು ಅವಳ ಕೈಯಲ್ಲಿತ್ತು. ಹೊಸಬರಿಗೆ ಖಾತೆ ತೆರೆಯುವುದು, ಬಿಟ್ಟು ಹೋದವರದನ್ನು ಮುಚ್ಚುವುದು, ಪಾಸ್‌ವರ್ಡ್ ಮರೆತು ಮುಖ ಬಾಡಿಸಿಕೊಂಡು ಬಂದವರಿಗೆ ಬೇರೆಯದು ಕೊಡುವುದು. ಹನ್ನೆರಡು ವರ್ಷದಿಂದ ಇದೇ ಕೆಲಸ.

ಹುಟ್ಟಾ ಅನುಮಾನದವಳು. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಜಗ್ಗಿ ನೋಡುವಳು. “ನಿನ್ನ ಕಾಟಕ್ಕೆ ಆ ಬೀಗಾನೇ ಒಂದಿನ ಓಡಿಹೋಗತ್ತೆ ನೋಡು,” ಎಂದು ಅತ್ತೆ ನಗುತ್ತಿದ್ದರು. ಸಿಟಿ ಬಸ್ಸು ಓಡಿಸುವ ಗಂಡನದು ಇನ್ನೊಂದು ದೂರು: “ಮದುವೆಗೆ ಮುಂಚೆ ನನ್ನ ಲೈಸೆನ್ಸನ್ನ ಬೆಳಕಿಗೆ ಹಿಡಿದು ನೋಡಿದ್ಳು, ಅಸಲಿಯೋ ನಕಲಿಯೋ ಅಂತ!” ಅದು ಸುಳ್ಳೇನಲ್ಲ.

ಒಂದು ಸೋಮವಾರ ಬೆಳಿಗ್ಗೆ ವಿಚಾರಣಾಧಿಕಾರಿಯಿಂದ ಫೋನು ಬಂತು. ಐದು ವಾರದ ಹಿಂದೆ ಗ್ರಂಥಾಲಯವೊಂದರ ಲಿಫ್ಟು ಎರಡು ಮಹಡಿ ಜಾರಿ, ಒಳಗಿದ್ದ ಕೆಲಸದ ಹೆಂಗಸಿನ ಎರಡೂ ಕಾಲು ಮುರಿದಿದ್ದವು. ಅಪಘಾತಕ್ಕೆ ತಿಂಗಳ ಮೊದಲೇ ಕೆಲಸ ಬಿಟ್ಟಿದ್ದ ಹಳೆಯ ಮೇಲ್ವಿಚಾರಕ, “ತಂತಿ ಸವೆದಿದೆ, ಬದಲಾಯಿಸಿ ಅಂತ ನಾಲ್ಕು ಸಲ ಬರೆದೆ,” ಎನ್ನುತ್ತಿದ್ದ. ಸೇವಾ ವಿಭಾಗದ ಮುಖ್ಯಸ್ಥ, “ಒಂದಕ್ಷರಾನೂ ಬಂದಿಲ್ಲ,” ಎನ್ನುತ್ತಿದ್ದ. ಮುಖ್ಯಸ್ಥನ ಇಮೇಲು ಪೆಟ್ಟಿಗೆಯಲ್ಲಿ ಏನೂ ಸಿಕ್ಕಿರಲಿಲ್ಲ. ಹಾಗಾಗಿ ಮೇಲ್ವಿಚಾರಕನ ಪೆಟ್ಟಿಗೆ ಬೇಕು.

“ಇದೆ, ಕೊಡ್ತೀನಿ,” ಎಂದಳು. ಬಿಟ್ಟು ಹೋದವರ ಪೆಟ್ಟಿಗೆಯನ್ನು ಮೂರು ತಿಂಗಳು ಇಟ್ಟುಕೊಳ್ಳುವುದು ಕಂಪನಿಯ ಪದ್ಧತಿ. ಆದರೆ ಹುಡುಕಿದರೆ ಅದು ಇರಲಿಲ್ಲ. ಅಳಿಸಿದವುಗಳ ಪಟ್ಟಿಯಲ್ಲಿ ಬಿದ್ದಿತ್ತು. ಆ ಪಟ್ಟಿಯಲ್ಲಿ ಯಾವುದೇ ಖಾತೆ ಮೂವತ್ತು ದಿನ ಮಾತ್ರ ಉಳಿಯುತ್ತದೆ. ಆಮೇಲೆ ತಾನಾಗಿಯೇ ಅಳಿದುಹೋಗುತ್ತದೆ, ಯಾರು ತಲೆಕೆಳಗಾಗಿ ನಿಂತರೂ ಬರುವುದಿಲ್ಲ. ಇವತ್ತು ಇಪ್ಪತ್ತೆಂಟನೆಯ ದಿನ.

ಅಳಿಸಿದವರು ಯಾರು ಎಂದು ದಾಖಲೆ ತೆರೆದಳು. ಅಲ್ಲಿದ್ದುದು ಅವಳದೇ ಖಾತೆ.

ದಿನಾಂಕ ನೋಡಿದಳು. ಅತ್ತೆಯ ಕಣ್ಣಿನ ಪೊರೆ ತೆಗೆಸಿದ ದಿನ. ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಯ ಬೆಂಚಿನ ಮೇಲಿದ್ದಳು. ಹಾಗೆ ಯೋಚಿಸುತ್ತಿದ್ದಂತೆ ಇನ್ನೊಂದು ನೆನಪಾಯಿತು. ಆಸ್ಪತ್ರೆಯವರು ಕೇಳಿದ ವಿಮೆಯ ಕಾಗದ ಕಚೇರಿಯ ಕಂಪ್ಯೂಟರಿನಲ್ಲಿತ್ತು. ಪಕ್ಕದ ಮೇಜಿನ ಗೆಳತಿಗೆ ಫೋನು ಮಾಡಿ, ಜನ್ಮದಲ್ಲಿ ಮೊದಲ ಸಲ, ತನ್ನ ಪಾಸ್‌ವರ್ಡ್ ಹೇಳಿದ್ದಳು. ಕೆಲಸಕ್ಕೆ ಮರಳಿದ ಮೂರನೆಯ ದಿನ ಅದನ್ನು ಬದಲಿಸಿಯೂ ಇದ್ದಳು.

ಆ ಗೆಳತಿಯ ಕೂದಲು ಗುಂಗುರು, ಹೆಸರೂ ಗುಂಗುರು ಎಂದೇ ಆಗಿತ್ತು. ಒಂಬತ್ತು ವರ್ಷದಿಂದ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಈಗ ಟಪಾಲಕ್ಕನ ತಲೆಯಲ್ಲಿ ಹುಳ ಹೊಕ್ಕಿತು. ಗುಂಗುರು ಮುಖ್ಯಸ್ಥನ ವಿಭಾಗಕ್ಕೆ ವರ್ಗ ಕೇಳಿದ್ದಳಲ್ಲವೇ? ಹೋದ ವಾರ ಅವನ ಕೋಣೆಯಿಂದ ನಗುನಗುತ್ತಾ ಬಂದಿದ್ದಳಲ್ಲವೇ? ಒಂದೊಂದಾಗಿ ಹಳೆಯದೆಲ್ಲ ಹೊಸ ಅರ್ಥ ಪಡೆಯತೊಡಗಿತು.

“ಯಾಕೆ ಊಟ ಸೇರ್ತಿಲ್ವಾ?” ಗುಂಗುರು ಮಧ್ಯಾಹ್ನ ಕೇಳಿದಳು.

“ಹೊಟ್ಟೆ ಸರಿಯಿಲ್ಲ.”

“ಮುಖ ನೋಡಿದ್ರೆ ಹೊಟ್ಟೆ ಅನ್ಸಲ್ಲ.”

ಟಪಾಲಕ್ಕ ಡಬ್ಬಿಯ ಮುಚ್ಚಳ ಒತ್ತಿ ಎದ್ದುಬಿಟ್ಟಳು.

ಮೂರು ಗಂಟೆಗೆ ಮುಖ್ಯಸ್ಥ ತಾನೇ ಅವಳ ಮೇಜಿಗೆ ಬಂದ. ಹನ್ನೆರಡು ವರ್ಷದಲ್ಲಿ ಆತ ಅಷ್ಟು ದೂರ ನಡೆದು ಬಂದದ್ದನ್ನು ಅವಳು ಕಂಡದ್ದು ಅದೇ ಮೊದಲು. ಕುರ್ಚಿ ಎಳೆದುಕೊಂಡು ಮೆಲ್ಲಗೆ ಹೇಳಿದ: “ನೋಡಮ್ಮ, ದಾಖಲೆಯಲ್ಲಿ ನಿನ್ನ ಹೆಸರಿದೆಯಂತೆ. ನಿನ್ನ ತಲೆಗೆ ಬರೋದು ನಂಗೆ ಇಷ್ಟವಿಲ್ಲ. ಇನ್ನೆರಡು ದಿನ ಸುಮ್ನಿರು. ಅವಧಿ ಮುಗಿದಿತ್ತು ಅಂತ ಬರೆದುಕೊಡು. ನಿನಗೂ ನೆಮ್ಮದಿ, ನಮಗೂ ನೆಮ್ಮದಿ.”

“ಯೋಚಿಸ್ತೀನಿ ಸಾರ್,” ಎಂದಳು. ಅವನ ಬೆನ್ನು ಮರೆಯಾದ ಮೇಲೆ ಅವಳಿಗೆ ಹೊಳೆಯಿತು: ದಾಖಲೆಯ ವಿಷಯ ಅವಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಅಳಿಸಿದವರಿಗೆ ಮಾತ್ರ ಗೊತ್ತಿರುವ ಮಾತದು; ಗುಂಗುರುವೇ ಅವನಿಗೆ ಹೇಳಿರಬೇಕು ಎಂದುಕೊಂಡಳು.

ಸುಮ್ಮನಿದ್ದರೆ ದಾಖಲೆಯಲ್ಲಿದ್ದ ಅವಳ ಹೆಸರೂ ಪೆಟ್ಟಿಗೆಯ ಜೊತೆಗೆ ಹೂತುಹೋಗುತ್ತಿತ್ತು, ಯಾರೂ ಕೆದಕುತ್ತಿರಲಿಲ್ಲ. ಪೆಟ್ಟಿಗೆಯನ್ನು ಹೊರತೆಗೆದರೆ, ಫೋನಿನಲ್ಲಿ ಪಾಸ್‌ವರ್ಡ್ ಹೇಳಿದ ತಪ್ಪನ್ನೂ ಒಪ್ಪಬೇಕು. ಮುರಿದ ಕಾಲಿನ ಹೆಂಗಸಿನ ಚಿತ್ರ ಪತ್ರಿಕೆಯಲ್ಲಿ ನೋಡಿದ್ದಳು. ಗೋಡೆಗೆ ಒರಗಿ ಕೂತು, ಚಿತ್ರ ತೆಗೆಯುವವನ ಮೇಲೂ ನಂಬಿಕೆಯಿಲ್ಲದವಳಂತೆ ನೋಡುತ್ತಿದ್ದಳು. ಟಪಾಲಕ್ಕ ಸಭೆಯ ಕೋಣೆಗೆ ಹೋಗಿ ಬಾಗಿಲ ಚಿಲಕ ಹಾಕಿದಳು, ಒಮ್ಮೆ ಜಗ್ಗಿಯೂ ನೋಡಿದಳು.

ಮರಳಿಸು ಎಂದು ಒತ್ತಿದರೆ ಯಂತ್ರ ಒಪ್ಪಲಿಲ್ಲ. ಆ ವಿಳಾಸವನ್ನು ಆಗಲೇ ಹೊಸ ಮೇಲ್ವಿಚಾರಕನಿಗೆ ಕೊಡಲಾಗಿತ್ತು. ಒಂದು ವಿಳಾಸಕ್ಕೆ ಇಬ್ಬರು ಯಜಮಾನರು ಇರುವಂತಿಲ್ಲ. ಆ ಹೊಸ ಖಾತೆಯನ್ನು ತಾನೇ ತೆರೆದದ್ದು ನೆನಪಾಯಿತು. ಮುಖ್ಯಸ್ಥನೇ ಒತ್ತಾಯ ಮಾಡಿ, “ಅದೇ ವಿಳಾಸ ಇರಲಿ, ಗಿರಾಕಿಗಳಿಗೆ ಅಭ್ಯಾಸ,” ಎಂದಿದ್ದ. ಆ ಅವಸರದಲ್ಲಿ ಹಳೆಯದು ಯಾಕೆ ಅಡ್ಡ ಬರಲಿಲ್ಲ ಎಂದು ಅವಳು ನೋಡಿರಲಿಲ್ಲ. ಹಳೆಯದಕ್ಕೆ ಬೇರೊಂದು ವಿಳಾಸ ಕೊಟ್ಟು ಮತ್ತೆ ಒತ್ತಿದಳು. ಈ ಸಲ ಖಾತೆ ಎದ್ದು ಬಂತು. ಪೆಟ್ಟಿಗೆ ತೆರೆದಳು.

ಖಾಲಿ. ಒಂದೇ ಒಂದು ಪತ್ರವಿಲ್ಲ.

ಒಳಗಿದ್ದುದನ್ನೂ ಯಾರೋ ಗುಡಿಸಿ ಹಾಕಿದ್ದಾರೆಂದೇ ಅಂದುಕೊಂಡಳು. ಆಮೇಲೆ ಸಾವರಿಸಿಕೊಂಡು ಕಾದಳು. ದೊಡ್ಡ ಪೆಟ್ಟಿಗೆ ಮತ್ತೆ ಜೋಡಣೆಯಾಗಲು ಹೊತ್ತು ಹಿಡಿಯುವುದುಂಟು. ಹೊರಗಿನಿಂದ ಇಬ್ಬರು ಬಾಗಿಲು ಬಡಿದು ಹೋದರು. ಮುಕ್ಕಾಲು ಗಂಟೆಯಾದ ಮೇಲೆ ಬಲಮೂಲೆಯಲ್ಲಿ ಒಂದು ಅಂಕಿ ಕಾಣಿಸಿತು, ನೋಡನೋಡುತ್ತಿದ್ದಂತೆ ಏರಿತು. ಹನ್ನೊಂದು ಸಾವಿರದ ಚಿಲ್ಲರೆ ಪತ್ರಗಳು. ಒಂದನ್ನೂ ಅವಳು ಓದಲಿಲ್ಲ. ಇನ್ನು ಯಾರೂ ಅಳಿಸಲಾಗದಂತೆ ತಡೆ ಹಾಕಿ, ವಿಚಾರಣಾಧಿಕಾರಿಗೆ ಫೋನು ಮಾಡಿದಳು.

“ಪೆಟ್ಟಿಗೆ ಸಿಕ್ಕಿದೆ ಮೇಡಂ. ಇನ್ನೊಂದು ಮಾತು. ನನ್ನ ಪಾಸ್‌ವರ್ಡ್ ನಾನೇ ಒಬ್ಬರಿಗೆ ಹೇಳಿದ್ದೆ.” ಗುಂಗುರುವಿನ ಹೆಸರು ಹೇಳಿದಳು. “ಅವಳೇ ಮಾಡಿರಬಹುದು ಅನ್ಸತ್ತೆ.”

ಆ ಕೊನೆಯ ಮಾತನ್ನು ಆಡಬಾರದಿತ್ತು.

ಅಧಿಕಾರಿ ಮರುದಿನ ಬಂದು ಗುಂಗುರುವನ್ನು ಎರಡು ಗಂಟೆ ಕೂರಿಸಿಕೊಂಡು ಕೇಳಿದರು. ಆಮೇಲೆ ದಾಖಲೆಯನ್ನು ಆಳವಾಗಿ ಬಗೆದರು. ಖಾತೆ ಅಳಿಸಲು ಬಳಸಿದ ಕಂಪ್ಯೂಟರು ಟಪಾಲಕ್ಕನದೂ ಅಲ್ಲ, ಗುಂಗುರುವಿನದೂ ಅಲ್ಲ. ಅದು ಮುಖ್ಯಸ್ಥನ ಕೋಣೆಯದು. ಅವತ್ತು ಗುಂಗುರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಂಡು, ಕಾಗದ ಕಳಿಸಿ, ಚೀಟಿಯನ್ನು ಟಪಾಲಕ್ಕನ ಕೀಲಿಮಣೆಯ ಕೆಳಗೆ ಅರ್ಧ ಹೊರಗಿಣುಕುವಂತೆ ಬಿಟ್ಟಿದ್ದಳು. ಸಹಿಗೆಂದು ಆ ಕಡೆ ಬಂದ ಮುಖ್ಯಸ್ಥನ ಕಣ್ಣಿಗೆ ಅದು ಬಿತ್ತು. ನಾಲ್ಕು ಎಚ್ಚರಿಕೆಯ ಪತ್ರಗಳೂ ಸಿಕ್ಕವು, ಎರಡಕ್ಕೆ ಅವನದೇ ಉತ್ತರವಿತ್ತು: “ಮುಂದಿನ ತಿಂಗಳು ನೋಡೋಣ.” ಅವನ ಕೆಲಸ ಹೋಯಿತು, ಮೊಕದ್ದಮೆ ನಡೆಯಿತು. ಟಪಾಲಕ್ಕನಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಅದನ್ನು ಸಹಿ ಹಾಕಿ ತೆಗೆದುಕೊಂಡಳು.

ಗುಂಗುರು ಮೇಜು ಖಾಲಿ ಮಾಡುತ್ತಿದ್ದಾಗ ಟಪಾಲಕ್ಕ ಹತ್ತಿರ ಹೋದಳು. “ನಿನ್ನನ್ನ ಕೇಳದೇನೇ ಹೇಳಿಬಿಟ್ಟೆ. ತಪ್ಪಾಯ್ತು ಕಣೆ.”

“ಚೀಟಿ ಬಿಟ್ಟಿದ್ದು ನನ್ನ ತಪ್ಪು, ಒಪ್ತೀನಿ,” ಎಂದಳು ಗುಂಗುರು, ತಲೆ ಎತ್ತದೆ. “ಆದ್ರೆ ಒಂದ್ಸಲ ಕೇಳ್ಬಹುದಿತ್ತಲ್ಲ? ಎದುರಿಗೇ ಕೂತಿದ್ದೆ, ಊಟಕ್ಕೆ.”

ಅವಳು ವರ್ಗವಾಗಿ ಮೂರನೆಯ ಮಹಡಿಗೆ ಹೋದಳು. ಎದುರು ಸಿಕ್ಕರೆ ಅತ್ತೆಯ ಕಣ್ಣು ಹೇಗಿದೆ ಎಂದು ಕೇಳುತ್ತಾಳೆ, ಉತ್ತರವನ್ನೂ ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಊಟಕ್ಕೆ ಮಾತ್ರ ಕೆಳಗೆ ಇಳಿದು ಬರುವುದಿಲ್ಲ.